ಚಿಲಕ ಇದೆಯೇ ಎಂದು ಕೇಳಲು ಮಾಡಿದ ಕರೆ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಎರಡು ಚಳಿಗಾಲದ ಹಿಂದೆ, ಜನವರಿಯ ಒಂದು ಶನಿವಾರ, ನಮ್ಮ ಮನೆಯಲ್ಲಿ ಎಲ್ಲವೂ ಕೈತಪ್ಪತೊಡಗಿದ್ದು ಆ ಹೊತ್ತಿಗೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಸ್ವೀಡನ್ನಿನಲ್ಲಿ ಮೂರೂ ಇಪ್ಪತ್ತಾದಾಗ ಜಪಾನಿನಲ್ಲಿ ರಾತ್ರಿ ಹನ್ನೊಂದೂ ಇಪ್ಪತ್ತು. ನಾನು ಫೋನ್ ಮಾಡಬೇಕಿದ್ದ ಹಾಸ್ಟೆಲಿನ ಕೌಂಟರು ಹನ್ನೊಂದೂವರೆಗೆ ಮುಚ್ಚುತ್ತಿತ್ತು. ಆದ್ದರಿಂದ ಗಡಿಯಾರ ನೋಡಿಕೊಂಡೇ ಕರೆ ಮಾಡಿದ್ದೆ.

ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಬರಹಗಳನ್ನು ಅರ್ಧಕ್ಕೇ ಬಿಟ್ಟು ಪುಟ ತಿರುವುತ್ತಿದ್ದವಳು ನಾನು. ಭದ್ರಾವತಿಯಲ್ಲಿ ನಮ್ಮ ಖಾಲಾ, ಅಂದರೆ ಅಮ್ಮನ ಅಕ್ಕ, ಜಿನ್ನುಗಳ ಕಥೆ ಶುರುಮಾಡಿದರೆ ಸಾಕು, “ಖಾಲಾ, ಆ ಜಿನ್ನು ಕರೆಂಟ್ ಬಿಲ್ ಯಾವ ಹೆಸ್ರಲ್ಲಿ ಕಟ್ತಾನೆ?” ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಆಮೇಲೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದೆ. ಈಗ ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ಟ್ರಾನ್ಸ್‌ಫಾರ್ಮರುಗಳ ಕೆಲಸ. ದೇವರನ್ನು ನಂಬುತ್ತೇನೆ, ಐದು ಹೊತ್ತು ನಮಾಜು ಮಾಡುತ್ತೇನೆ. ಆದರೆ ಯಾರಾದರೂ ವಿಚಿತ್ರ ಕಂಡೆ, ಕೇಳಿದೆ ಎಂದರೆ ಅವರ ನಿದ್ದೆ, ಜ್ವರ, ಔಷಧಿ ಇವುಗಳ ಬಗ್ಗೆ ಮೊದಲು ವಿಚಾರಿಸುವುದು ನನ್ನ ಅಭ್ಯಾಸವಾಗಿತ್ತು. ಆ ಶನಿವಾರ ನನಗೆ ಜ್ವರವಿರಲಿಲ್ಲ. ಹಿಂದಿನ ರಾತ್ರಿ ಚೆನ್ನಾಗಿ ಮಲಗಿದ್ದೆ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಗಂಡ ಇಮ್ತಿಯಾಜ್, ಮಗಳು ಜೋಯಾ. ಅವಳಿಗೆ ಆಗ ಹದಿನಾರು. ಎರಡನೇ ವರ್ಷಕ್ಕೆ ಈ ದೇಶಕ್ಕೆ ಬಂದವಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಸ್ವೀಡಿಷಿನಲ್ಲಿ, ಅಪರೂಪಕ್ಕೊಮ್ಮೆ ಕನ್ನಡದಲ್ಲಿ ಬರುತ್ತದೆ. ಈದ್ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಜಪಾನಿಗೆ ಹೋಗೋಣ ಎಂದು ವರ್ಷದಿಂದ ಹಟ ಹಿಡಿದಿದ್ದವಳು ಅವಳೇ. ಊರನ್ನು ಆರಿಸಿದ್ದೂ ಅವಳೇ: ಕನಜಾವಾ. ಯಾಕೆಂದರೆ ಅಲ್ಲಿ ಐಸ್‌ಕ್ರೀಮಿನ ಮೇಲೆ ಚಿನ್ನದ ಹಾಳೆ ಸುತ್ತಿ ಕೊಡುತ್ತಾರಂತೆ.

“ಚಿನ್ನಾನ ತಿಂದು ಏನ್ ಮಾಡ್ತೀಯೇ? ಬಳೆ ಮಾಡಿಸ್ಕೋಬಾರ್ದಾ?” ಎಂದು ಇಮ್ತಿಯಾಜ್ ಅವಳನ್ನು ರೇಗಿಸುತ್ತಿದ್ದರು.

ಹೋಟೆಲುಗಳು ನಮ್ಮ ಕೈಗೆಟುಕುವಂತಿರಲಿಲ್ಲ. ಹುಡುಕಿ ಹುಡುಕಿ, ಪ್ರವಾಸಿಗಳು ಮಂಚದ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಉಳಿಯುವ ಒಂದು ಅಗ್ಗದ ಹಾಸ್ಟೆಲನ್ನು ಹಿಡಿದೆವು. ಹಳೆಯ ಮರದ ಮನೆಯನ್ನೇ ರಿಪೇರಿ ಮಾಡಿದ್ದು. ಹೆಂಗಸರಿಗೆ ಮಹಡಿಯಲ್ಲಿ ಬೇರೆ ಕೋಣೆ, ಗಂಡಸರಿಗೆ ಕೆಳಗೆ. ಬಾಗಿಲು ದಾಟಿದರೆ ಕಲ್ಲು ಹಾಸಿದ ಒಂದು ತಗ್ಗು ಜಾಗ. ಅಲ್ಲಿ ಶೂ ಬಿಚ್ಚಿಟ್ಟು ಮರದ ಮೆಟ್ಟಿಲು ಹತ್ತಬೇಕು. ಇಮ್ತಿಯಾಜ್ ಹೆಸರಿನಲ್ಲಿ ಮೂರು ಮಂಚ ಕಾದಿರಿಸಿಯೂ ಆಗಿತ್ತು. ಒಂದೇ ಒಂದು ಪ್ರಶ್ನೆ ಉಳಿದಿತ್ತು: ಸ್ನಾನ. ಅಲ್ಲಿ ಅನೇಕ ಕಡೆ ಹೆಂಗಸರೆಲ್ಲ ಒಂದೇ ದೊಡ್ಡ ತೊಟ್ಟಿಯಲ್ಲಿ, ಮೈಮೇಲೆ ಏನೂ ಇಲ್ಲದೆ, ಒಟ್ಟಿಗೆ ಸ್ನಾನ ಮಾಡುತ್ತಾರೆ. ನಮ್ಮಂಥವರಿಗೆ ಅದು ಆಗದ ಮಾತು. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಪುಟ್ಟ ಬಚ್ಚಲು ಇದ್ದರೆ ಸಾಕಿತ್ತು. ಇಮೇಲ್ ಮಾಡಿದರೆ “ನಮ್ಮ ಸ್ನಾನಗೃಹ ಬಹಳ ಸುಂದರವಾಗಿದೆ” ಎಂದು ಉತ್ತರ ಬಂತು. ಚಿಲಕದ ವಿಷಯ ಬರಲಿಲ್ಲ. ಹಾಗಾಗಿ ಫೋನ್ ಮಾಡುವುದೆಂದು ತೀರ್ಮಾನಿಸಿದೆ.

ಇಮ್ತಿಯಾಜ್ ಅಂದು ಮನೆಯಲ್ಲಿರಲಿಲ್ಲ. ವೆಸ್ಟೆರಾಸ್ ಇರುವುದು ಮೆಲಾರೆನ್ ಎಂಬ ದೊಡ್ಡ ಸರೋವರದ ದಂಡೆಯಲ್ಲಿ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಊರವರು ಸ್ಕೇಟಿಂಗ್‌ಗೆ ಇಳಿಯುತ್ತಾರೆ. ಆಟದ ಅಂಗಳದಲ್ಲಿ ಸುತ್ತುವ ಸ್ಕೇಟಿಂಗ್ ಅಲ್ಲ, ಮೈಲಿಗಟ್ಟಲೆ ಹೋಗಿ ಬರುವುದು. ಇಮ್ತಿಯಾಜ್ ಅದನ್ನು ಕಲಿತು ಮೂರು ವರ್ಷವಾಗಿತ್ತು. ಆಫೀಸಿನ ಏಳೆಂಟು ಜನ, ಅವರಲ್ಲಿ ಯೋಹಾನ್ ಎಂಬ ಸಹೋದ್ಯೋಗಿ ಮುಂದಾಳು. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಹೋದ ಇಮ್ತಿಯಾಜ್ ಕತ್ತಲಾಗುವುದರೊಳಗೆ ಬರುತ್ತೇನೆ ಎಂದಿದ್ದರು. ಜನವರಿಯಲ್ಲಿ ಇಲ್ಲಿ ಮೂರೂವರೆ ಎಂದರೆ ಸೂರ್ಯ ಮುಳುಗಿದ ಹೊತ್ತು.

ಕರೆಯನ್ನು ಲ್ಯಾಪ್‌ಟಾಪಿನಿಂದ ಮಾಡಿದೆ, ಜೋಯಾಗೂ ಕೇಳಲಿ ಎಂದು ಸ್ಪೀಕರ್ ಹಾಕಿ. ಆ ಕಡೆ ಒಬ್ಬ ಹುಡುಗ ಎತ್ತಿದ. ದನಿಯಿಂದ ಇಪ್ಪತ್ತರ ಆಸುಪಾಸು ಎನ್ನಿಸಿತು. ಒಂದೊಂದೇ ಪದ ಜೋಡಿಸಿ ಆಡುವ ನಿಧಾನದ ಇಂಗ್ಲಿಷು. ಅವನ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕಾದಿರಿಸಿದ ಹೆಸರು ಕೇಳಿದ. ಹೇಳಿದೆ. ಕೀಲಿಮಣೆಯ ಸದ್ದು ಕೇಳಿಸಿತು.

“ಹೌದು. ಇಮ್ತಿಯಾಜ್. ಏಪ್ರಿಲ್. ಮೂರು ಜನ,” ಎಂದ. ಸ್ವಲ್ಪ ತಡೆದು, “ಅವರು ಇಲ್ಲಿಗೆ ಬಂದಿದ್ದಾರೆ,” ಎಂದ.

ನಾವು ಬರುವುದು ಏಪ್ರಿಲ್‌ನಲ್ಲಿ, ಇದು ಜನವರಿ ಎಂದೆ. ತನಗೂ ಗೊತ್ತು ಎಂದ. ಅದನ್ನೇ ಅವರಿಗೂ ಹೇಳಿದೆ, ಅವರು ಹೋಗುತ್ತಿಲ್ಲ ಎಂದ. “ಬಾಗಿಲ ಒಳಗೆ ನಿಂತಿದ್ದಾರೆ. ಹೆಸರು ಇಮ್ತಿಯಾಜ್ ಎಂದರು. ಶೂ ಬಿಚ್ಚಿ ಮೇಲೆ ಬನ್ನಿ ಎಂದೆ. ಬರುತ್ತಿಲ್ಲ. ಬಟ್ಟೆಯಿಂದ ನೀರು ಸುರಿಯುತ್ತಿದೆ. ಏನು ಮಾಡಲಿ?”

ಜೋಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಪಪ್ಪಾ ಸ್ಕೇಟ್ ಮಾಡ್ಕೊಂಡು ಜಪಾನ್‌ಗೇ ಹೋದ್ರಾ?”

ನನಗೂ ನಗು ಬಂತು. ಯಾರೋ ಕುಡಿದವನು ಮಳೆಯಲ್ಲಿ ನೆನೆದು ಒಳಗೆ ನುಗ್ಗಿದ್ದಾನೆ, ಈ ಹುಡುಗ ಅವನ ಹೆಸರನ್ನೂ ನಮ್ಮ ಹೆಸರನ್ನೂ ಕಲಸಿಕೊಂಡಿದ್ದಾನೆ ಎಂದುಕೊಂಡೆ. ಅವರು ಬೇರೆ ಯಾರೋ ಇರಬೇಕು, ನನ್ನ ಗಂಡ ಇಲ್ಲಿ ಸ್ವೀಡನ್ನಿನಲ್ಲಿದ್ದಾರೆ ಎಂದು ಬಿಡಿಸಿ ಹೇಳಿದೆ. ಹುಡುಗ ಪಾಪ, ಜಗಳಕ್ಕೆ ಬರಲಿಲ್ಲ. ಫೋನು ಕೊಡುತ್ತೇನೆ, ನೀವೇ ಮಾತಾಡಿ ನೋಡಿ ಎಂದ. ಅವನು ಕೌಂಟರಿನ ಹಿಂದಿನಿಂದ ಎದ್ದು ಹೋದದ್ದು ಕೇಳಿಸಿತು. ಮರದ ನೆಲದ ಮೇಲೆ ಹೆಜ್ಜೆಯ ಸದ್ದು. ಅವನು ಮೆಲ್ಲಗೆ ಏನೋ ಹೇಳುತ್ತಿದ್ದ. ಉತ್ತರ ನನಗೆ ಕೇಳಿಸಲಿಲ್ಲ. ಆ ಮನುಷ್ಯನ ದನಿ ನನಗೆ ಒಮ್ಮೆಯೂ ಕೇಳಿಸಲಿಲ್ಲ, ಕೊನೆಯವರೆಗೂ. ಇದನ್ನು ಸ್ಪಷ್ಟವಾಗಿ ಬರೆದಿಡಬೇಕು.

ಹುಡುಗ ವಾಪಸ್ ಮಾತಾಡಿದ. “ಕ್ಷಮಿಸಿ. ಅವರಿಗೆ ಫೋನು ಹಿಡಿಯಲು ಆಗುತ್ತಿಲ್ಲ. ಬೆರಳುಗಳು ಮಡಚುತ್ತಿಲ್ಲ.”

ಜೋಯಾಳ ನಗು ನಿಂತಿತು. ಇಲ್ಲಿ ಶಾಲೆಯ ಮಕ್ಕಳಿಗೆ ಒಂದು ಪಾಠವಿದೆ. ಹೆಪ್ಪುಗಟ್ಟಿದ ನೀರಿನಲ್ಲಿ ಕಿಂಡಿ ಕೊರೆದು, ಸೊಂಟಕ್ಕೆ ಹಗ್ಗ ಕಟ್ಟಿ, ಬಟ್ಟೆಯ ಸಮೇತ ಇಳಿಸುತ್ತಾರೆ. ಒಳಗೆ ಬಿದ್ದರೆ ಏನಾಗುತ್ತದೆ, ಹೇಗೆ ಮೇಲೆ ಬರಬೇಕು ಎಂದು ಮೈಗೇ ಕಲಿಸುತ್ತಾರೆ. ಅವಳು ಎರಡು ಸಲ ಇಳಿದವಳು. ಮೊದಲು ಉಸಿರು ಹಿಡಿಯುತ್ತದೆ, ಆಮೇಲೆ ಕೈಬೆರಳುಗಳು ಮಾತು ಕೇಳುವುದನ್ನು ನಿಲ್ಲಿಸುತ್ತವೆ ಎಂದು ಮನೆಗೆ ಬಂದು ಹೇಳಿದ್ದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡಿದ್ದೆ.

ಅವಳು ಲ್ಯಾಪ್‌ಟಾಪಿನ ಕಡೆ ಬಗ್ಗಿ, ಅವರು ಎಲ್ಲಿಂದ ಬಂದರಂತೆ ಕೇಳು ಎಂದು ಹುಡುಗನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಹೋಗಿ ಬಂದ. “ಹುಲ್ಲಿನ ಹಿಂದಿನಿಂದ ಎನ್ನುತ್ತಾರೆ. ನೀರಿನಲ್ಲಿ ಬೆಳೆಯುವ ಎತ್ತರದ ಹುಲ್ಲು. ನನಗೆ ಅರ್ಥವಾಗಲಿಲ್ಲ. ಇಲ್ಲಿ ಹೊರಗೆ ಹಿಮ ಬೀಳುತ್ತಿದೆ.”

“ಅಮ್ಮಿ, ಪಪ್ಪಾಗೆ ಕಾಲ್ ಮಾಡು. ನೌ.”

ಮಾಡಿದೆ. ಸ್ವಿಚ್ ಆಫ್. “ಚಳೀಲಿ ಬ್ಯಾಟರಿ ಸತ್ತಿರತ್ತೆ ಕಣೇ, ಹೋದ್ವಾರಾನೂ ಹಾಗೇ ಆಗಿತ್ತಲ್ಲ,” ಎಂದೆ. ಮೂವರ ಫೋನುಗಳೂ ಎಲ್ಲಿವೆ ಎಂದು ತೋರಿಸುವ ಆ್ಯಪ್ ತೆರೆದೆ. ಇಮ್ತಿಯಾಜ್ ಇನ್ನೂ ಬೆಳಿಗ್ಗೆ ಸರೋವರಕ್ಕೆ ಇಳಿದ ದೋಣಿಕಟ್ಟೆಯಲ್ಲೇ ಇದ್ದಾರೆಂದು ಅದು ತೋರಿಸುತ್ತಿತ್ತು.

“ನಾನು ಒನ್ ಒನ್ ಟೂ ಮಾಡ್ತೀನಿ,” ಎಂದಳು ಜೋಯಾ.

“ಹುಚ್ಚಾ ನಿಂಗೆ? ಏನಂತ ಹೇಳ್ತೀಯಾ? ಜಪಾನ್‌ನಿಂದ ಯಾರೋ ಹೇಳಿದ್ರು ಅಂತನಾ?”

ಅವಳು ನನ್ನ ಮುಖ ನೋಡಿದಳು. ತುರ್ತು ಸೇವೆಯ ಆ ಸಂಖ್ಯೆ ಒತ್ತಿದಳು. ಆಮೇಲೆ ನೆಟ್ಟಗಿನ ದನಿಯಲ್ಲಿ, ಸ್ವೀಡಿಷಿನಲ್ಲಿ, ತಂದೆ ಈಗಷ್ಟೇ ಫೋನ್ ಮಾಡಿದ್ದರು, ಮೆಲಾರೆನ್‌ನಲ್ಲಿ ಜೊಂಡಿನ ಹತ್ತಿರ ಐಸ್ ಒಡೆದು ನೀರಿಗೆ ಬಿದ್ದಿದ್ದಾರೆ, ಮಾತಿನ ಮಧ್ಯೆ ಲೈನ್ ಕಟ್ ಆಯಿತು ಎಂದು ಹೇಳಿದಳು. ಹೋಮ್‌ವರ್ಕ್ ಮಾಡಿದ್ದೀಯಾ ಎಂದರೆ ಸುಳ್ಳು ಹೇಳಲು ತಡವರಿಸುವ ಹುಡುಗಿ. ಸುಳ್ಳೋ ನಿಜವೋ, ಅಷ್ಟು ಹೊತ್ತಿಗೆ ಅದು ನಡೆಯುತ್ತಿರುವ ಸಂಗತಿಯಾಗಿಬಿಟ್ಟಿತ್ತು.

ಆ ಕಡೆಯವರು ಯಾವ ಜೊಂಡು ಎಂದು ಕೇಳುತ್ತಿದ್ದರು. ಕೇಳದೆ ಇನ್ನೇನು ಮಾಡುತ್ತಾರೆ? ಆ ಸರೋವರದ ಸುತ್ತ ಎಲ್ಲಿ ನೋಡಿದರೂ ಜೊಂಡೇ. ನಾನು ಲ್ಯಾಪ್‌ಟಾಪಿಗೆ, ಅವರಿಗೆ ಏನು ಕಾಣಿಸುತ್ತಿದೆ ಕೇಳಪ್ಪಾ ಎಂದೆ. ಹುಡುಗ ಹೋಗಿ ಬಂದು ಒಂದು ಧ್ವಜಸ್ತಂಭ, ಬಾವುಟವಿಲ್ಲ, ಬೋರಲು ಹಾಕಿದ ದೋಣಿ ಎಂದ. ಸ್ವೀಡನ್ನಿನ ಪ್ರತಿ ದಂಡೆಯಲ್ಲೂ, ಪ್ರತಿ ಬೇಸಿಗೆ ಮನೆಯ ಮುಂದೂ ಇರುವುದು ಅವೆರಡೇ. ಅದು ಯಾತಕ್ಕೂ ಬರಲಿಲ್ಲ.

ನನ್ನ ಫೋನಿನಿಂದ ಯೋಹಾನ್‌ಗೆ ಕರೆ ಮಾಡಿದೆ. ತಕ್ಷಣ ಎತ್ತಿದರು. ಹಿಂದೆ ನಗು, ಕಪ್ಪುಗಳ ಸದ್ದು. ಎಲ್ಲರೂ ದಂಡೆಗೆ ಬಂದು ಕಾಫಿ ಕುಡಿಯುತ್ತಿದ್ದರು. ಇಮ್ತಿಯಾಜ್ ಎಲ್ಲಿ ಎಂದೆ. “ಹಿಂದೆ ಬರುತ್ತಿದ್ದಾನೆ. ಸ್ವಲ್ಪ ನಿಂತು ಬರುತ್ತೇನೆ, ನೀವು ನಡೆಯಿರಿ ಅಂದ.” ನಾನು ಜೊಂಡಿನ ಹಿಂದೆ ನೀರಿಗೆ ಬಿದ್ದಿದ್ದಾರೆ ಎಂದೆ. ಯೋಹಾನ್ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಪ್ಪು ಕೆಳಗೆ ಬಿದ್ದ ಸದ್ದು ಬಂತು. ಅವರು ಯಾರದೋ ಹೆಸರು ಹಿಡಿದು ಹಗ್ಗ, ಹಗ್ಗ ಎಂದು ಕೂಗುತ್ತಾ ಓಡಿದ್ದು ಕೇಳಿಸಿತು. ಆಮೇಲೆ ಲೈನು ಹೋಯಿತು.

ಅಲ್ಲಿಂದ ಮುಂದೆ ಮಾಡಲು ನಮಗೆ ಏನೂ ಉಳಿಯಲಿಲ್ಲ. ಕಾರು ಇಮ್ತಿಯಾಜ್ ತೆಗೆದುಕೊಂಡು ಹೋಗಿದ್ದರು. ಟ್ಯಾಕ್ಸಿ ಕರೆದು ಯಾವ ದಂಡೆಗೆ ಎಂದು ಹೇಳುವುದು? ಮನೆಯಲ್ಲೇ ಇರಿ, ಫೋನ್ ಖಾಲಿ ಇಟ್ಟಿರಿ ಎಂದು ತುರ್ತು ಸೇವೆಯವರು ಹೇಳಿದ್ದರು. ಕಿಟಕಿಯ ಹೊರಗೆ ಆಕಾಶ ನೀಲಿಯಿಂದ ಕಪ್ಪಿಗೆ ತಿರುಗುತ್ತಿತ್ತು. ಕೆಳಗೆ ಒಬ್ಬ ಹೆಂಗಸು ನಾಯಿಗೆ ಚೆಂಡು ಎಸೆಯುತ್ತಿದ್ದಳು. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಇನ್ನೂ ತೆರೆದೇ ಇದ್ದ ಜಪಾನಿನ ಕರೆ.

“ಇದ್ದೀರಾ?” ಎಂದ ಹುಡುಗ.

ಇದ್ದೇನೆ, ಅವರು ಇದ್ದಾರಾ ಎಂದು ಕೇಳಿದೆ.

“ಇದ್ದಾರೆ. ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಕಣ್ಣು ಮುಚ್ಚುತ್ತಿದ್ದಾರೆ.”

ಆಗ ನಾನು ಏನು ಮಾಡಿದೆ ಎಂಬುದನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. ಓದಿದವಳು, ಯಂತ್ರಗಳ ಲೆಕ್ಕ ಮಾಡುವವಳು, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಕುಳಿತ, ಮುಖ ನೋಡದ ಒಬ್ಬ ಹುಡುಗನಿಗೆ, ಅವರನ್ನು ಮಲಗಲು ಬಿಡಬೇಡ ಎಂದು ಅಂಗಲಾಚಿದೆ. ಮಾತಾಡಿಸುತ್ತಿರು, ಏನಾದರೂ ಕೇಳು, ನಿಲ್ಲಿಸಬೇಡ ಎಂದೆ. ಅವನು ಯಾಕೆ ಎನ್ನಲಿಲ್ಲ. “ಸರಿ,” ಎಂದ. ಕೌಂಟರು ಮುಚ್ಚುವ ಹೊತ್ತು ದಾಟಿತ್ತು. ಕಂಬಳಿ ತಂದು ಹೊದಿಸಿದೆ ಎಂದ. ಬಿಸಿ ಚಹಾ ಇಟ್ಟೆ, ಕುಡಿಯುತ್ತಿಲ್ಲ ಎಂದ. ಆಮೇಲೆ ಫೋನನ್ನು ಎಲ್ಲೋ ನೆಲದ ಮೇಲೆ ಇಟ್ಟನೆಂದು ಕಾಣುತ್ತದೆ, ಅವನ ದನಿ ಸ್ವಲ್ಪ ದೂರದಿಂದ ಬರತೊಡಗಿತು. ನಿಮ್ಮ ಊರು ಯಾವುದು ಎಂದು ಕೇಳಿದ. ನಿಮಗೆ ಮೀನು ಇಷ್ಟವಾ ಎಂದು ಕೇಳಿದ. ಅಣ್ಣ ತಮ್ಮ ಇದ್ದಾರಾ ಎಂದ. ಪ್ರತಿ ಪ್ರಶ್ನೆಯಾದ ಮೇಲೂ ಒಂದು ಮೌನ, ಆಮೇಲೆ “ಓ, ಹೌದಾ,” ಎಂಬ ಅವನ ಉದ್ಗಾರ. ಏನೋ ಉತ್ತರ ಬರುತ್ತಿತ್ತು ಎಂದು ತಾನೇ ಅದರ ಅರ್ಥ? ನಾವಿಬ್ಬರೂ ಕಿವಿಯನ್ನು ಸ್ಪೀಕರಿಗೆ ಹಚ್ಚಿ ಆ ಮೌನಗಳನ್ನು ಕೇಳುತ್ತಿದ್ದೆವು. ನಾನು ಆಯತುಲ್ ಕುರ್ಸಿ ಓದುತ್ತಿದ್ದೆ. ಬಾಯಿಪಾಠವಾಗಿದ್ದ ಪ್ರಾರ್ಥನೆ ನಡುವೆ ಎಲ್ಲೋ ಮರೆತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಎಷ್ಟು ಹೊತ್ತು ಹೀಗೆ ಹೋಯಿತೋ. ಹುಡುಗ ಅವಸರದಲ್ಲಿ ಫೋನು ಎತ್ತಿಕೊಂಡ.

“ಎದ್ದು ನಿಂತಿದ್ದಾರೆ. ಥ್ಯಾಂಕ್ಸ್ ಹೇಳಿದರು. ಹೋಗುತ್ತೇನೆ ಅನ್ನುತ್ತಿದ್ದಾರೆ. ತಡೆಯಲೇ?”

ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ಹೋಗುತ್ತೇನೆ ಎಂದರೆ ಎಲ್ಲಿಗೆ? ನಮ್ಮ ಕಡೆಗೆ ಬರುವುದೋ, ಎಲ್ಲರನ್ನೂ ಬಿಟ್ಟು ಹೋಗುವುದೋ? ತಡೆದರೆ ಉಳಿಯುತ್ತಾರೋ, ಬಿಟ್ಟರೆ ಉಳಿಯುತ್ತಾರೋ? ಜೋಯಾ ನನ್ನ ತೋಳು ಹಿಡಿದು ಜಗ್ಗುತ್ತಿದ್ದಳು. “ಅಮ್ಮಿ, ಸೇ ಸಮ್‌ಥಿಂಗ್! ಏನಾದ್ರೂ ಹೇಳು!” ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಹೆದರಿಕೆಯಿಂದ ಮಾತು ಬಾರದಿರುವುದು ಉಂಟು ಎಂದು ಕೇಳಿದ್ದೆ. ಇದು ಹಾಗಿರಲಿಲ್ಲ. ಹೇಳಬೇಕಾದ ಮಾತು ಯಾವುದೆಂದೇ ನನಗೆ ಗೊತ್ತಿರಲಿಲ್ಲ. ಇಡೀ ಸಂಗತಿಯಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವುದು ಆ ಒಂದು ಗಳಿಗೆಗೆ.

“ಹೋದರು,” ಎಂದ ಹುಡುಗ. “ಬಾಗಿಲು ತೆರೆದಿದೆ. ಹಿಮ ಒಳಗೆ ಬರುತ್ತಿದೆ. ಹೊರಗೆ ನೋಡುತ್ತಿದ್ದೇನೆ. ಯಾರೂ ಇಲ್ಲ.”

ಜೋಯಾ ಕುರ್ಚಿಯಿಂದ ಜಾರಿ ನೆಲದ ಮೇಲೆ ಕುಳಿತಳು. ಅವಳ ಪಕ್ಕದಲ್ಲಿ ನಾನೂ ಕುಳಿತೆ. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಮೇಜಿನ ಮೇಲಿನಿಂದ ಹುಡುಗ ಹಲೋ, ಹಲೋ ಎನ್ನುತ್ತಿದ್ದ. ಕೊನೆಗೆ ಅವನೇ ನಮಸ್ಕಾರ ಹೇಳಿ ಇಟ್ಟ. ಆಮೇಲಿನ ಹೊತ್ತಿನಲ್ಲಿ ನನ್ನ ಗಂಡ ಸತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಯೋಹಾನ್ ಫೋನ್ ಬಂದಾಗ ಹೊರಗೆ ಪೂರ್ತಿ ಕತ್ತಲು. ಏದುಸಿರು. “ಸಿಕ್ಕಿದ. ಉಸಿರಾಡ್ತಿದ್ದಾನೆ. ಆಂಬುಲೆನ್ಸ್ ಬಂದಿದೆ,” ಎಂದರು.

ಏನಾಗಿತ್ತು ಎಂಬುದು ನಿಧಾನಕ್ಕೆ ತಿಳಿಯಿತು. ಜನವರಿಯಲ್ಲಿ ಇಲ್ಲಿ ಹಗಲು ಗಿಡ್ಡ, ನಮಾಜುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಸೂರ್ಯ ಮುಳುಗುವುದರೊಳಗೆ ಮುಗಿಸಬೇಕಾದ ಅಸರ್ ನಮಾಜು ಇಮ್ತಿಯಾಜ್‌ಗೆ ಬಾಕಿಯಿತ್ತು. ಏಳೆಂಟು ಜನರನ್ನು ತನ್ನ ಒಬ್ಬನ ಪ್ರಾರ್ಥನೆಗಾಗಿ ಚಳಿಯಲ್ಲಿ ನಿಲ್ಲಿಸುವುದು ಬೇಡ ಎಂದು ಅವರನ್ನು ಮುಂದೆ ಕಳಿಸಿದ್ದರು. ಸ್ಕೇಟಿಂಗ್ ದಾರಿಯ ನಡುವೆ ನಿಂತರೆ ಹೋಗಿಬರುವವರಿಗೆ ಅಡ್ಡ, ನೋಡುವವರಿಗೂ ಮುಜುಗರ. ಅದಕ್ಕೆ ಒಂದು ಚಿಕ್ಕ ದ್ವೀಪದ ಹಿಂದೆ, ಜೊಂಡಿನ ಮರೆಗೆ ಸರಿದಿದ್ದರು. ಗಾಳಿಯೂ ಇಲ್ಲ, ಕಣ್ಣುಗಳೂ ಇಲ್ಲ. ಜೊಂಡು ಬೆಳೆಯುವಲ್ಲಿ ಐಸ್ ಯಾವಾಗಲೂ ಪೊಳ್ಳು ಎಂಬುದು ಇಲ್ಲಿ ಹುಟ್ಟಿದವರಿಗೆ ಅಂಗನವಾಡಿಯ ವಯಸ್ಸಿನಲ್ಲೇ ಗೊತ್ತು. ನಮಗೆ ಹೇಳಿದವರಿಲ್ಲ, ನಾವು ಕೇಳಿಯೂ ಇರಲಿಲ್ಲ. ಬಿದ್ದರೆ ಐಸ್‌ಗೆ ಚುಚ್ಚಿ ಮೈಯನ್ನು ಮೇಲೆಳೆದುಕೊಳ್ಳಲು ಎಲ್ಲರೂ ಕುತ್ತಿಗೆಗೆ ಮೊಳೆ ಕೂರಿಸಿದ ಎರಡು ಹಿಡಿಗಳನ್ನು ನೇತುಹಾಕಿಕೊಂಡಿರುತ್ತಾರೆ. ಇಮ್ತಿಯಾಜ್ ಬಳಿಯೂ ಇತ್ತು. ಬಗ್ಗಿದಾಗ ಮುಖಕ್ಕೆ ಬಡಿಯುತ್ತದೆ, ನಮಾಜಿನಲ್ಲಿ ಮನಸ್ಸು ಚದುರುತ್ತದೆ ಎಂದು ಅದನ್ನು ತೆಗೆದು, ಬೆನ್ನುಚೀಲದ ಮೇಲೆ ಇಟ್ಟಿದ್ದರು. ಚೀಲ ಬೆನ್ನ ಮೇಲಿದ್ದರೆ ಅದೂ ತೇಲಿಸುತ್ತಿತ್ತಂತೆ. ಯೋಹಾನ್ ಮತ್ತು ಇನ್ನಿಬ್ಬರು ಜೊಂಡಿನ ಹಿಂದೆ ಹೋದಾಗ ಮೊದಲು ಕಂಡದ್ದು ಒಪ್ಪವಾಗಿ ಜೋಡಿಸಿಟ್ಟ ಚೀಲ, ಸ್ಕೇಟುಗಳು, ಆ ಹಿಡಿಗಳು. ಅಲ್ಲಿಂದ ನಾಲ್ಕು ಮಾರು ಆಚೆ ಇಮ್ತಿಯಾಜ್. ಎರಡೂ ತೋಳುಗಳು ಐಸಿನ ಅಂಚಿನ ಮೇಲೆ ಚಾಚಿದ್ದವು, ಕೋಟಿನ ತೋಳುಗಳು ಐಸಿಗೇ ಹೆಪ್ಪುಗಟ್ಟಿ ಅಂಟಿಕೊಂಡಿದ್ದವು. ಹಾಗೆ ಅಂಟಿದ್ದರಿಂದಲೇ ಮುಳುಗಲಿಲ್ಲ.

“ಅವರು ನಿಮಗೆ ಫೋನ್ ಮಾಡಿದ್ದರಾ?” ಎಂದು ಆಸ್ಪತ್ರೆಯಲ್ಲಿ ರಕ್ಷಣಾ ತಂಡದವರೊಬ್ಬರು ನನ್ನನ್ನು ಕೇಳಿದರು. ಇಮ್ತಿಯಾಜ್ ಫೋನು ಒಳಜೇಬಿನಲ್ಲಿ, ಜಿಪ್ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಸಿಕ್ಕಿತ್ತು. ಒಣಗಿಯೇ ಇತ್ತು. ಚಾರ್ಜು ಮುಗಿದು ಎಷ್ಟೋ ಹೊತ್ತಾಗಿತ್ತು. ನಾನು ಜೋಯಾಳ ಕಡೆ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಆತ ನಮ್ಮಿಬ್ಬರನ್ನೂ ನೋಡಿ, ಭುಜ ತಟ್ಟಿ ಹೊರಟುಹೋದರು.

ಇಮ್ತಿಯಾಜ್ ಚೇತರಿಸಿಕೊಂಡರು. ಎರಡು ಬೆರಳ ತುದಿಗಳಲ್ಲಿ ಈಗಲೂ ಸ್ಪರ್ಶವಿಲ್ಲ. ಐಸ್ ಒಡೆದದ್ದು ನೆನಪಿದೆ, ಸಲಾಮ್ ಹೇಳಿ ನಮಾಜು ಮುಗಿಸಿ ಏಳುವಾಗ ಕಾಲ ಕೆಳಗೆ ಲಟ್ ಎಂದದ್ದು ನೆನಪಿದೆ. ಅಲ್ಲಿಂದ ಮುಂದಕ್ಕೆ ಆಸ್ಪತ್ರೆಯ ದೀಪ. ನಡುವೆ ಖಾಲಿ. ಕನಸೂ ಬಿದ್ದಿಲ್ಲ. ಮೂರು ವಾರ ಬಿಟ್ಟು ನಾನು ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, “ಅಲ್ವೇ, ಅಷ್ಟು ದೂರ ಹೋಗಿದ್ದೆ ಅಂದ್ರೆ, ಬಚ್ಚಲಿಗೆ ಚಿಲಕ ಇದ್ಯಾ ಅಂತ ನಾನೇ ನೋಡ್ಕೊಂಡು ಬರ್ತಿದ್ನಲ್ಲ,” ಎಂದರು. ಜೋಯಾ ನಕ್ಕಳು. ನಗುತ್ತಾ ನಗುತ್ತಾ ಅಳುವುದಕ್ಕೆ ಶುರುಮಾಡಿದಳು. ಆ ಶನಿವಾರದ ಅಳು ಅವಳಿಗೆ ಬಂದದ್ದು ಆಗ.

ಹಾಸ್ಟೆಲಿಗೆ ಬರೆದೆ. ಅಂಥ ಹುಡುಗ ನಮ್ಮಲ್ಲಿ ಇಲ್ಲವೇ ಇಲ್ಲ ಎಂಬ ಉತ್ತರ ಬಂದಿದ್ದರೆ ಒಂದು ರೀತಿಯಲ್ಲಿ ಸಮಾಧಾನವಾಗುತ್ತಿತ್ತೇನೋ. ಹಾಗೆ ಬರಲಿಲ್ಲ. ಅದೇ ಹುಡುಗ ಉತ್ತರ ಬರೆದ. ಅತಿಥಿ ಆ ರಾತ್ರಿ ಬೇರೆಲ್ಲಾದರೂ ಕ್ಷೇಮವಾಗಿ ಉಳಿದುಕೊಂಡರೇ ಎಂದು ವಿಚಾರಿಸಿದ್ದ. ತಾನು ಬಾಗಿಲು ತೆರೆದಿಟ್ಟು ಹೊರಗೆಲ್ಲ ಹುಡುಕಿದ್ದಕ್ಕೆ, ನೆಲ ಒದ್ದೆಯಾಗಿದ್ದಕ್ಕೆ ಮ್ಯಾನೇಜರಿಂದ ಬೈಸಿಕೊಂಡೆ ಎಂದಿದ್ದ. ಅವನಿಗೆ ಅದು ಕೆಲಸದ ಒಂದು ಕೆಟ್ಟ ರಾತ್ರಿ, ಅಷ್ಟೇ. ಅವನಿಗೆ ನಾನು ನಿಜವನ್ನು ಬರೆಯಲಿಲ್ಲ. ಬರೆದು ಆ ಹುಡುಗನ ನಿದ್ದೆಯನ್ನೂ ಯಾಕೆ ಕೆಡಿಸುವುದು? ಬಾಗಿಲ ಮೇಲೆ ಕ್ಯಾಮೆರಾ ಇತ್ತೇ ಎಂದೂ ಕೇಳಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಇಮ್ತಿಯಾಜ್ ಬೇಡ ಎಂದರು. ಯಾಕೆ ಎಂದರೆ, “ಇದ್ರೆ ಏನ್ ಮಾಡ್ತೀಯಾ? ಇಲ್ದಿದ್ರೆ ಏನ್ ಮಾಡ್ತೀಯಾ?” ಎಂದರು.

ಯಾರೋ ಕುಡಿದ ಪ್ರವಾಸಿ, ಹೆಸರು ತಪ್ಪು ಕೇಳಿಸಿದ ಹುಡುಗ, ಮಗಳು ಗಾಬರಿಯಲ್ಲಿ ಕಟ್ಟಿದ ಸುಳ್ಳು ಅಕಸ್ಮಾತ್ತಾಗಿ ನಿಜವಾದದ್ದು. ಹೀಗೆ ನಾನೇ ನನಗೆ ವಿವರಣೆ ಕೊಟ್ಟುಕೊಂಡಿದ್ದೇನೆ. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ಇದೇ ವಿವರಣೆಯನ್ನು ಅವರ ಮುಖಕ್ಕೆ ಹೇಳಿ ಚಹಾ ಕುಡಿದು ಬರುತ್ತಿದ್ದೆ. ಆದರೆ ಬೆರಳು ಮಡಚುತ್ತಿಲ್ಲ ಎಂಬ ಮಾತನ್ನು, ಜೊಂಡನ್ನು, ಆ ಹೊತ್ತನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ವಿವರಣೆ ನಿಲ್ಲುವುದಿಲ್ಲ. ಬೇರೆ ವಿವರಣೆ ನನ್ನ ಬಳಿ ಇಲ್ಲ. ಖಾಲಾಗೆ ಹೇಳಿದರೆ ಅವರ ಬಳಿ ಇರುತ್ತದೆ, ಅದನ್ನು ಒಪ್ಪಲು ನನ್ನಿಂದ ಆಗದು. ಆ ಏಪ್ರಿಲ್‌ನಲ್ಲಿ ನಾವು ಜಪಾನಿಗೆ ಹೋಗಲಿಲ್ಲ. ಮುಂದೆ ಹೋಗುತ್ತೇವೋ ಇಲ್ಲವೋ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಿಲ್ಲ.

ಅಂದಿನಿಂದ ರಾತ್ರಿಗಳು ಕೆಟ್ಟವು. ಕಣ್ಣು ಮುಚ್ಚಿದರೆ “ತಡೆಯಲೇ?” ಎಂಬ ಪ್ರಶ್ನೆ. ಎದ್ದು ಕತ್ತಲಲ್ಲಿ ಇಮ್ತಿಯಾಜ್ ಪಾದ ಮುಟ್ಟಿ ನೋಡುತ್ತಿದ್ದೆ, ಒದ್ದೆಯಾಗಿದೆಯೇ ಎಂದು. ಅವರೂ ಎಚ್ಚರವಾಗಿಯೇ ಇರುತ್ತಿದ್ದರು. “ಒಣಗಿದೆ, ಮಲ್ಕೊ,” ಎನ್ನುತ್ತಿದ್ದರು. ಜೋಯಾ ದಿಂಬು ಹೊತ್ತು ಬಂದು ನಮ್ಮ ಕೋಣೆಯ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಮಲಗುತ್ತಿದ್ದಳು, ಯಾರೂ ತನ್ನನ್ನು ದಾಟದೆ ಹೊರಗೆ ಹೋಗದಂತೆ. ಕಾಲೇಜಿಗೆ ಸೇರುವ ವಯಸ್ಸಿನ ಹುಡುಗಿ. ನಾವು ಬೇಡ ಎನ್ನಲಿಲ್ಲ.

ರಂಜಾನ್ ಬಂತು. ಬೆಳಗಿನ ಜಾವ ಎದ್ದು ಸಹರಿಯ ಊಟ ಮಾಡಿ ಉಪವಾಸ ಹಿಡಿಯುವುದು ಆ ವರ್ಷ ನಮಗೆ ಕಷ್ಟವೇ ಆಗಲಿಲ್ಲ, ಹೇಗೂ ಎಚ್ಚರವಿರುತ್ತಿದ್ದೆವು. ಅಲಾರಂ ಸುಮ್ಮನೆ ಹೆಸರಿಗೆ. ಎರಡನೇ ವಾರದಲ್ಲಿ ಒಂದು ದಿನ ನಾನು ಕಣ್ಣು ಬಿಟ್ಟಾಗ ಕೋಣೆಯಲ್ಲಿ ಬಿಸಿಲಿತ್ತು. ಗಾಬರಿಯಾಗಿ ಪಕ್ಕಕ್ಕೆ ನೋಡಿದೆ. ಇಮ್ತಿಯಾಜ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಬಾಗಿಲಲ್ಲಿ ಜೋಯಾ ಹೊದಿಕೆಯಿಂದ ಒಂದು ಕಾಲು ಹೊರಗೆ ಚಾಚಿಕೊಂಡು ಬಿದ್ದಿದ್ದಳು. ಮೂರು ಫೋನುಗಳೂ ಬಡಿದುಕೊಂಡು ಸುಮ್ಮನಾಗಿದ್ದವು. ಸಹರಿಯ ಹೊತ್ತು ಮೀರಿ ಎಷ್ಟೋ ಆಗಿತ್ತು. ಎಬ್ಬಿಸಿದಾಗ ಇಮ್ತಿಯಾಜ್ ಕಿಟಕಿ ನೋಡಿ, “ಅಯ್ಯೋ, ಒಂದು ಗುಟುಕು ನೀರೂ ಕುಡ್ದಿಲ್ಲ ಕಣೇ,” ಎಂದರು. ಮೂವರೂ ಬರಿಹೊಟ್ಟೆಯಲ್ಲೇ ರೋಜಾ ಹಿಡಿದೆವು. ಸಂಜೆ ಖರ್ಜೂರ ಬಾಯಿಗಿಡುವವರೆಗೂ ಹೊಟ್ಟೆ ಗುರುಗುಡುತ್ತಲೇ ಇತ್ತು, ಒಬ್ಬರೂ ದೂರಲಿಲ್ಲ. ಆ ಶನಿವಾರದಿಂದ ಈಚೆಗೆ ಮೂವರೂ ಬೆಳಗಾಗುವವರೆಗೆ ನಿದ್ದೆ ಮಾಡಿದ್ದು ಅದೇ ಮೊದಲು. ಅಂದು ಗುರುವಾರ.